ಬಣ್ಣ ಹಂಡೆಯಲ್ಲೇ ಉಳಿಯುತ್ತೆ: ಜಿನ್ ನನಗೆ ಕಲಿಸಿದ ಹವೀಜದ ಪಾಠ

ಕಳೆದ ಹಿಂಗಾರಿಯ ನನ್ನ ಹವೀಜವನ್ನು ಗೋವಾದ ಒಂದು ಸಣ್ಣ ಡಿಸ್ಟಿಲರಿಯವರು ಬೇಡ ಅಂದರು. ಇದ್ದದ್ದು ಎರಡೇ ಚೀಲ. ಕಾಳು ದಪ್ಪ ಇತ್ತು, ಬಣ್ಣ ಹಸಿರಾಗಿತ್ತು, ಕಸಕಡ್ಡಿ ಇರಲಿಲ್ಲ. ನಮ್ಮ ಗದಗ ಎಪಿಎಂಸಿಯಲ್ಲಿ ಅಂಥ ಮಾಲಿಗೆ ಯಾರೂ ತಕರಾರು ತೆಗೆಯುತ್ತಿರಲಿಲ್ಲ. ಅಲ್ಲಿ ಭಟ್ಟಿ ಇಳಿಸುವ ಕೆಲಸ ನೋಡಿಕೊಳ್ಳುವ ಹುಡುಗ ಬೆಳಗಾವಿ ಕಡೆಯವನು. ಒಂದು ಹಿಡಿ ಕಾಳು ತೆಗೆದುಕೊಂಡು, ಅಂಗೈಯಲ್ಲಿ ತಿಕ್ಕಿ ಮೂಗಿಗೆ ಹಿಡಿದು ಒಂದೇ ಮಾತು ಹೇಳಿದ: "ಕಾಕಾ, ಇದರಾಗ ಮೆಣಸಿನಕಾಯಿ ವಾಸನಿ ಐತ್ರಿ."

ನನಗೆ ಸಿಟ್ಟು ಬಂತು. ಆಮೇಲೆ ನಾನೂ ತಿಕ್ಕಿ ಮೂಸಿದೆ. ಹೌದು, ಇತ್ತು. ಬ್ಯಾಡಗಿ ಮೆಣಸಿನಕಾಯಿ ತುಂಬಿದ್ದ ಹಳೆಯ ಚೀಲ ಕೊಡವಿ, ಅದರಲ್ಲೇ ಹವೀಜ ತುಂಬಿದ್ದೆ. ನಮ್ಮಲ್ಲಿ ಎಲ್ಲರೂ ಮಾಡೋದೇ ಅದು. ಇಪ್ಪತ್ತು ವರ್ಷದಲ್ಲಿ ಒಬ್ಬ ದಲಾಲನೂ ಇದನ್ನು ತಪ್ಪು ಅಂದಿರಲಿಲ್ಲ.

(ಹವೀಜ ಅಂದರೆ ಕೊತ್ತಂಬರಿ ಬೀಜ. ಕೆಲವು ಕಡೆ ಧನಿಯಾ ಅಂತಾರೆ.)

ಕೃಷಿ ಅಂಕಣದಲ್ಲಿ ಹೆಂಡದ ಮಾತು ಯಾಕೆ ಅಂತ ಕೆಲವರಿಗೆ ಅನಿಸಬಹುದು. ನಮ್ಮ ಅವ್ವ ಕೂಡ "ಹೆಂಡಕ್ಕ ಯಾಕ ಕೊಡ್ತಿಯೋ ಹವೀಜ, ಸಾರಿಗೆ ಕಡಿಮಿ ಆಗೇತೇನು?" ಅಂದಳು. ನಾನು ಯಾರಿಗೂ ಕುಡಿಯಿರಿ ಅಂತ ಹೇಳುತ್ತಿಲ್ಲ. ಆದರೆ ಕಬ್ಬು ಬೆಳೆಯುವವನ ಕಾಕಂಬಿ ಎಲ್ಲಿಗೆ ಹೋಗುತ್ತೆ ಅಂತ ಯಾರೂ ಕೇಳೋದಿಲ್ಲ. ನನಗೆ ಇಲ್ಲಿ ಮುಖ್ಯ ಅನಿಸಿದ್ದು ಬೇರೆ. ನಮ್ಮ ಕಾಳಿನ ಗುಣವನ್ನು ಇಷ್ಟು ಕಟ್ಟುನಿಟ್ಟಾಗಿ ಪರೀಕ್ಷೆ ಮಾಡುವ ಇನ್ನೊಬ್ಬ ಗಿರಾಕಿಯನ್ನು ನಾನು ಕಂಡಿಲ್ಲ. ಅವನು ಏನು ಹುಡುಕುತ್ತಾನೆ ಅಂತ ತಿಳಿದರೆ ನಾವು ನಮ್ಮ ಹೊಲದಲ್ಲಿ ಏನನ್ನು ಕಳೆದುಕೊಳ್ಳುತ್ತಿದ್ದೇವೆ ಅನ್ನೋದು ತಿಳಿಯುತ್ತೆ.

ಜಿನ್ ಅಂದರೆ ಏನು?

ಜಿನ್‌ನ ಮೂಲ ವಾಸನೆ, ರುಚಿ ಎರಡೂ ಇಲ್ಲದ ಶುದ್ಧ ಸ್ಪಿರಿಟ್. ನಮ್ಮ ದೇಶದಲ್ಲಿ ಅದು ಕಾಕಂಬಿಯಿಂದ ಇಲ್ಲವೇ ಧಾನ್ಯದಿಂದ ಆಗುತ್ತೆ. ಅದಕ್ಕೆ ಕಾಳು, ಬೇರು, ಸಿಪ್ಪೆ, ತೊಗಟೆ ಸೇರಿಸಿ ತಾಮ್ರದ ಹಂಡೆಯಲ್ಲಿ ಮತ್ತೊಮ್ಮೆ ಭಟ್ಟಿ ಇಳಿಸುತ್ತಾರೆ. ಈ ಕಾಳು ಬೇರುಗಳಿಗೆಲ್ಲ ಒಟ್ಟಾಗಿ ಬೊಟಾನಿಕಲ್ಸ್ ಅಂತ ಹೆಸರು. ಅದರಲ್ಲಿ ಜುನಿಪರ್ ಕಾಯಿ ಇರಲೇಬೇಕು, ಅದರ ವಾಸನೆಯೇ ಮುಂದಿರಬೇಕು. ಇಲ್ಲದಿದ್ದರೆ ಅದು ಜಿನ್ ಅಲ್ಲ. ನಮ್ಮ ಆಯುರ್ವೇದದಲ್ಲಿ ಇದೇ ಜಾತಿಯ ಕಾಯಿಗೆ ಹಪುಷಾ ಅನ್ನೋ ಹೆಸರಿದೆ.

ಜುನಿಪರ್ ಆದ ಮೇಲೆ ಎರಡನೆಯ ಜಾಗ ಯಾರದ್ದು ಗೊತ್ತೇ? ನಮ್ಮ ಹವೀಜದ್ದು. ಹೆಚ್ಚುಕಡಿಮೆ ಎಲ್ಲ ಹಳೆಯ ಜಿನ್‌ಗಳಲ್ಲೂ ಇವೆರಡು ಜೋಡಿ. ಲಂಡನ್ನಿನ ಹೆಸರಾಂತ ಟ್ಯಾಂಕರೆ ಜಿನ್‌ನಲ್ಲಿ ಇರೋದು ನಾಲ್ಕೇ ಸಾಮಾನು: ಜುನಿಪರ್, ಕೊತ್ತಂಬರಿ, ಏಂಜೆಲಿಕಾ ಬೇರು, ಜ್ಯೇಷ್ಠಮಧು. ಹೆಚ್ಚು ಸಾಮಾನು ಹಾಕಿದರೆ ಹೆಚ್ಚು ಒಳ್ಳೆಯದು ಅನ್ನೋ ಲೆಕ್ಕ ಇಲ್ಲಿ ನಡೆಯೋದಿಲ್ಲ.

ನನ್ನ ಚೀಲ ಬೇಡ ಅಂದ ಆ ಹುಡುಗ ನನ್ನನ್ನು ಹಾಗೇ ಕಳಿಸಲಿಲ್ಲ. ಒಳಗೆ ಕರೆದುಕೊಂಡು ಹೋಗಿ ಮೇಜಿನ ಮೇಲೆ ಸಣ್ಣ ಬಾಟಲಿಗಳನ್ನು ಸಾಲಾಗಿ ಇಟ್ಟ. ಒಂದೊಂದು ಸಾಮಾನನ್ನೂ ಬೇರೆಬೇರೆಯಾಗಿ ಭಟ್ಟಿ ಇಳಿಸಿದ ನೀರು. ಎಲ್ಲವೂ ಬಾವಿ ನೀರಿನ ಹಾಗೆ ತಿಳಿ. "ಕುಡೀಬ್ಯಾಡ್ರಿ, ಮೂಸಿ ನೋಡ್ರಿ ಸಾಕು" ಅಂದ.

ಜುನಿಪರ್ ಬಾಟಲಿಯಲ್ಲಿ ಪೈನ್ ಮರದ ಅಂಟಿನ, ರಾಳದ ವಾಸನೆ. ಏಂಜೆಲಿಕಾ ಮೂಸಿದರೆ ಗ್ರಂಥಿಗೆ ಅಂಗಡಿಯ ಒಳಕೋಣೆಗೆ ಹೊಕ್ಕ ಹಾಗಾಯಿತು, ಒಣ ಬೇರು, ಮಣ್ಣು. ಹವೀಜದ ಬಾಟಲಿಯಲ್ಲಿ ಸಾರಿನ ಪುಡಿಯ ವಾಸನೆ ಇರುತ್ತೆ ಅಂದುಕೊಂಡೆ. ಇರಲಿಲ್ಲ. ನಿಂಬೆ ಸಿಪ್ಪೆ ಮತ್ತು ಯಾವುದೋ ಹೂವು ಒಟ್ಟಿಗೆ ಇಟ್ಟ ಹಾಗಿತ್ತು. ಇಷ್ಟು ವರ್ಷ ಬೆಳೆದ ನನಗೇ ನನ್ನ ಬೆಳೆಯ ಗುರುತು ಸಿಗಲಿಲ್ಲ. ಹುರಿದಾಗ ಬರುವ ವಾಸನೆ ಬೇರೆ, ಹಬೆಯಲ್ಲಿ ಮೇಲೇಳುವ ವಾಸನೆ ಬೇರೆ. ಹವೀಜದ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಇರೋದು ಲಿನಲೂಲ್ ಅನ್ನೋ ಪರಿಮಳದ ಅಂಶ. ಲ್ಯಾವೆಂಡರ್ ಹೂವಿನಲ್ಲಿ ಇರೋದೂ ಅದೇ.

ಹಗುರ ಅನ್ನೋದು ಎಲ್ಲಿಂದ ಬರುತ್ತೆ?

ಹಗುರವಾದ ಜಿನ್ ಅಂದರೆ ಮದ್ಯಸಾರ ಕಡಿಮೆ ಅಂತಲ್ಲ. ನಮ್ಮ ದೇಶದ ಬಾಟಲಿಗಳ ಮೇಲೆ ಸಾಮಾನ್ಯವಾಗಿ 42.8 ಅಂತ ಇರುತ್ತೆ, ಹಗುರ ಇದ್ದರೂ ಅಷ್ಟೇ, ದಟ್ಟ ಇದ್ದರೂ ಅಷ್ಟೇ. ಹಗುರ ಅನ್ನೋದು ಪರಿಮಳದ ಮಾತು. ಮೂಗಿಗೆ ಬಡಿಯಬಾರದು, ಬಾಯಲ್ಲಿ ಅಂಟಿಕೊಂಡು ಕೂರಬಾರದು. ಒಂದು ವಾಸನೆ ಇನ್ನೊಂದನ್ನು ತುಳಿಯಬಾರದು.

ಇದಕ್ಕೆ ನಾಲ್ಕು ಕಾರಣ ಇದೆ ಅಂತ ನನಗೆ ಅರ್ಥವಾಯಿತು.

ಮೊದಲನೆಯದು ಶುದ್ಧ ಮೂಲ. 1830ರಲ್ಲಿ ಐರ್ಲೆಂಡಿನ ಏನಿಯಸ್ ಕಾಫಿ ಅನ್ನುವವರು ನಿರಂತರವಾಗಿ ಭಟ್ಟಿ ಇಳಿಸುವ ಗೋಪುರಕ್ಕೆ ಪೇಟೆಂಟ್ ಪಡೆದರು. ಅದಕ್ಕೂ ಮುಂಚೆ ಸ್ಪಿರಿಟ್ ಒರಟಾಗಿರುತ್ತಿತ್ತು, ಅದರ ಕೆಟ್ಟ ರುಚಿ ಮುಚ್ಚಲು ಸಕ್ಕರೆ ಹಾಕುತ್ತಿದ್ದರು. ಸ್ಪಿರಿಟ್ ಶುದ್ಧವಾದ ಮೇಲೆ ಸಿಹಿಯ ಹೊದಿಕೆ ಬೇಕಾಗಲಿಲ್ಲ. ಇವತ್ತು ಯುರೋಪಿನ ನಿಯಮದ ಪ್ರಕಾರ ಲಂಡನ್ ಜಿನ್ ಅನ್ನಿಸಿಕೊಳ್ಳಬೇಕಾದರೆ ಲೀಟರಿಗೆ 0.1 ಗ್ರಾಂಗಿಂತ ಹೆಚ್ಚು ಸಕ್ಕರೆ ಇರಬಾರದು, ಭಟ್ಟಿ ಇಳಿಸಿದ ಮೇಲೆ ಯಾವ ಪರಿಮಳವನ್ನೂ ಸೇರಿಸಬಾರದು. ಅಂದರೆ ಕಾಳಿನಲ್ಲಿ ಕೆಟ್ಟ ವಾಸನೆ ಇದ್ದರೆ ಅದನ್ನು ಮುಚ್ಚಲು ದಾರಿಯೇ ಇಲ್ಲ.

ಎರಡನೆಯದು ಅಳತೆ. ಬಹಳ ಕಡೆ ಬಳಕೆಯಲ್ಲಿರುವ ಒಂದು ಅಂದಾಜು ಲೆಕ್ಕ ಹೀಗಿದೆ: ಜುನಿಪರ್ ಎಷ್ಟೋ ಅದರ ಅರ್ಧ ಕೊತ್ತಂಬರಿ, ಹತ್ತನೇ ಒಂದು ಭಾಗ ಏಂಜೆಲಿಕಾದಂಥ ಬೇರು. ಏಲಕ್ಕಿ, ಜಾಯಿಕಾಯಿ, ಸಿಪ್ಪೆಯಂಥವು ನೂರನೇ ಒಂದು ಭಾಗದ ಆಸುಪಾಸು. ಪ್ರತಿಯೊಬ್ಬರೂ ಇದನ್ನು ತಮ್ಮ ಕೈಗೆ ತಕ್ಕಂತೆ ಬದಲಾಯಿಸುತ್ತಾರೆ. ಆದರೆ ಏಲಕ್ಕಿ ಹೆಚ್ಚಾದರೆ ಜಿನ್ ಹೋಗಿ ಪಾಯಸ ಆಗುತ್ತೆ ಅನ್ನೋದರಲ್ಲಿ ಎಲ್ಲರೂ ಒಂದೇ.

ಅಳತೆ ಮೀರಿದರೆ ಕಣ್ಣಿಗೂ ಕಾಣುತ್ತೆ. ಫಿನಾಯಿಲ್ ಅನ್ನು ಬಕೆಟ್ ನೀರಿಗೆ ಹಾಕಿದರೆ ಹಾಲಿನ ಹಾಗೆ ಬೆಳ್ಳಗಾಗುತ್ತಲ್ಲ, ಹಾಗೆಯೇ. ಹಂಡೆಯಿಂದ ಇಳಿದ ಗಟ್ಟಿ ಸ್ಪಿರಿಟ್‌ನಲ್ಲಿ ಎಣ್ಣೆ ಕರಗಿರುತ್ತೆ. ಕುಡಿಯುವ ಹದಕ್ಕೆ ನೀರು ಸೇರಿಸಿದಾಗ, ಎಣ್ಣೆ ಅತಿಯಾಗಿದ್ದರೆ ಕರಗಿ ನಿಲ್ಲಲಾರದೆ ಮಬ್ಬಾಗುತ್ತೆ.

ಮೂರನೆಯದು ನೆನೆಸುವುದೋ, ಹಬೆ ಹಾಯಿಸುವುದೋ ಅನ್ನೋದು. ಬೀಫೀಟರ್ ಅನ್ನೋ ಜಿನ್‌ಗೆ ಎಲ್ಲ ಸಾಮಾನನ್ನೂ 24 ಗಂಟೆ ಸ್ಪಿರಿಟ್‌ನಲ್ಲಿ ನೆನೆಸಿ ಆಮೇಲೆ ಕಾಯಿಸುತ್ತಾರೆ. ಬಾಂಬೆ ಸಫೈರ್ ಜಿನ್‌ನಲ್ಲಿ ಸಾಮಾನು ಸ್ಪಿರಿಟ್‌ಗೆ ಬೀಳೋದೇ ಇಲ್ಲ. ತೂತಿನ ಬುಟ್ಟಿಯಲ್ಲಿ ಮೇಲೆ ಇಟ್ಟಿರುತ್ತಾರೆ, ಕೆಳಗಿನಿಂದ ಏಳುವ ಹಬೆ ಅದರ ನಡುವೆ ಹಾದು ಪರಿಮಳ ಎತ್ತಿಕೊಂಡು ಹೋಗುತ್ತೆ. ಕಡುಬನ್ನು ನೀರಿನಲ್ಲಿ ಬೇಯಿಸುವುದಕ್ಕೂ ಹಬೆಯಲ್ಲಿ ಬೇಯಿಸುವುದಕ್ಕೂ ಇರುವ ವ್ಯತ್ಯಾಸದಂತೆ ಅನ್ನಿ. ಹಬೆಯ ದಾರಿಯಲ್ಲಿ ಬಂದದ್ದು ಹಗುರ.

ನಾಲ್ಕನೆಯದು ಎಲ್ಲಿ ನಿಲ್ಲಿಸಬೇಕು ಅನ್ನೋದು. ಹಂಡೆಯಿಂದ ಮೊದಲು ಇಳಿಯುವ ಸ್ವಲ್ಪವನ್ನು ಬೇರೆ ತೆಗೆಯುತ್ತಾರೆ. ಆಮೇಲೆ ಸಿಪ್ಪೆಗಳ ಪರಿಮಳ ಮುಂದಾಗಿ ಬರುತ್ತೆ, ಅದರ ಬೆನ್ನಿಗೆ ಜುನಿಪರ್, ಹವೀಜ. ಕೊನೆಕೊನೆಗೆ ಬೇರು ತೊಗಟೆಗಳ ಭಾರದ ವಾಸನೆ. ಆ ಭಾರ ಸ್ವಲ್ಪ ಬೇಕು, ಅದಿಲ್ಲದಿದ್ದರೆ ಪರಿಮಳಕ್ಕೆ ನೆಲ ಇರೋದಿಲ್ಲ. ಹೆಚ್ಚಾದರೆ ಬೇಯಿಸಿದ ಸೊಪ್ಪಿನ ವಾಸನೆ. ಯಾವ ನಿಮಿಷಕ್ಕೆ ನಿಲ್ಲಿಸಬೇಕು ಅನ್ನೋದು ಭಟ್ಟಿ ಇಳಿಸುವವನ ಮೂಗಿಗೆ ಬಿಟ್ಟದ್ದು.

ಈ ನಡುವೆ ಹವೀಜದ ಕೆಲಸ ಏನು? ಮೇಲೆ ಸಿಪ್ಪೆಯ ಚುರುಕು, ಕೆಳಗೆ ಜುನಿಪರ್‌ನ ರಾಳ, ಬೇರಿನ ಮಣ್ಣು. ಎರಡನ್ನೂ ಕೂಡಿಸುವ ಸೇತುವೆ ಹವೀಜ. ನಿಂಬೆಯ ಗುಣವೂ ಅದಕ್ಕಿದೆ, ಮಸಾಲೆಯ ಗುಣವೂ ಇದೆ. ಸೇತುವೆ ಸರಿಯಿಲ್ಲದಿದ್ದರೆ ಎರಡು ದಡ ಎರಡಾಗಿಯೇ ಉಳಿಯುತ್ತವೆ. ಸಮತೋಲ ಅಂತ ಅವರು ಹೇಳೋದು ಇದಕ್ಕೇ.

ಮಾರುಕಟ್ಟೆ ಕಲಿಸಿದ್ದು, ಹಂಡೆ ಕಲಿಸಿದ್ದು

ಈಗ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ನಮಗೆ ಮಾರುಕಟ್ಟೆ ಬಣ್ಣ ಮತ್ತು ತೂಕ ಮಾರಲು ಕಲಿಸಿದೆ. ಪರಿಮಳ ಮಾರಲು ಕಲಿಸಿಲ್ಲ.

ಹಂಡೆಯ ಲೆಕ್ಕ ನೋಡಿ. ಜಿನ್‌ಗೆ ಬಣ್ಣ ಇರೋದಿಲ್ಲ. ಬಣ್ಣ ಹಬೆಯಲ್ಲಿ ಏರೋದಿಲ್ಲ, ಹಂಡೆಯಲ್ಲೇ ಉಳಿಯುತ್ತೆ. ಖಾರವೂ ಏರೋದಿಲ್ಲ. ಕರಿಮೆಣಸು ಹಾಕಿದ ಜಿನ್‌ನಲ್ಲಿ ಮೆಣಸಿನ ಘಮ ಇರುತ್ತೆ, ನಾಲಿಗೆ ಸುಡುವ ಖಾರದ ಅಂಶ ಮಾತ್ರ ಬರೋದಿಲ್ಲ. ಕಾಳಿನ ಗಾತ್ರ, ಹೊಳಪು, ತೂಕ ಯಾವುದೂ ಬಾಟಲಿಗೆ ಹೋಗೋದಿಲ್ಲ. ಹೋಗೋದು ಹಬೆಯ ಜೊತೆ ಏಳುವ ವಾಸನೆ ಒಂದೇ. ಅದು ಒಳ್ಳೆಯದಿರಲಿ, ಕೆಟ್ಟದಿರಲಿ. ನನ್ನ ಚೀಲದ ಮೆಣಸಿನಕಾಯಿಯ ಖಾರ ಹಂಡೆಯಲ್ಲೇ ಉಳಿಯುತ್ತಿತ್ತು, ವಾಸನೆ ಬಾಟಲಿಗೆ ಹೋಗುತ್ತಿತ್ತು.

ಗಾತ್ರದ ಮಾತೇ ತೆಗೆದುಕೊಳ್ಳೋಣ. ಕೊತ್ತಂಬರಿಯಲ್ಲಿ ಎರಡು ಬಗೆ. ನಮ್ಮ ದೇಶದಲ್ಲಿ, ಮೊರಾಕ್ಕೋದಲ್ಲಿ ಬೆಳೆಯೋದು ಹೆಚ್ಚಾಗಿ ದಪ್ಪ ಕಾಳು, 3 ಮಿಲಿಮೀಟರಿಗಿಂತ ದೊಡ್ಡದು. ರಷ್ಯಾ, ಪೂರ್ವ ಯುರೋಪಿನ ಕಡೆ ಬೆಳೆಯೋದು ಅದಕ್ಕಿಂತ ಸಣ್ಣ ಕಾಳು. ಎಣ್ಣೆಯ ಅಂಶ ಸಣ್ಣ ಕಾಳಿನಲ್ಲೇ ಹೆಚ್ಚು, ನೂರಕ್ಕೆ ಒಂದರ ಆಸುಪಾಸು ಮತ್ತು ಮೇಲೆ. ದಪ್ಪ ಕಾಳಿನಲ್ಲಿ ಬಹಳ ಸಲ ಅರ್ಧಕ್ಕೂ ಕಡಿಮೆ. ಹಾಗಂತ ದಪ್ಪ ಕಾಳು ಕೆಟ್ಟದ್ದಲ್ಲ. ಬಾಂಬೆ ಸಫೈರ್‌ನವರು ಪ್ರಕಟಿಸಿರುವ ಹತ್ತು ಸಾಮಾನಿನ ಪಟ್ಟಿಯಲ್ಲಿ ಕೊತ್ತಂಬರಿ ಮೊರಾಕ್ಕೋದ್ದು. ಹೆಸರಿನಲ್ಲಿ ಬಾಂಬೆ ಇದೆ, ಇಡೀ ಪಟ್ಟಿಯಲ್ಲಿ ಭಾರತದ ಒಂದು ಕಾಳೂ ಇಲ್ಲ. ಇದನ್ನು ತಿಳಿದ ದಿನ ನನಗೆ ನಿಜವಾಗಿ ಬೇಜಾರಾಯಿತು. ಹವೀಜ ಬೆಳೆಯೋದರಲ್ಲಿ ಜಗತ್ತಿನ ಮುಂದಿನ ಸಾಲಿನಲ್ಲಿರುವ ದೇಶ ನಮ್ಮದು.

ಬಣ್ಣದ ಮಾತಿಗೆ ಬಂದರೆ ಇನ್ನೂ ಇಕ್ಕಟ್ಟು. ಹಸಿರು ಬಣ್ಣ ಇದ್ದರೆ ದರ ಮೇಲೆ. ಅದಕ್ಕಾಗಿ ನಾವು ಬೇಗ ಕೊಯ್ಯುತ್ತೇವೆ. ಆದರೆ ಬಲಿಯದ ಹವೀಜದಲ್ಲಿ ಒಂದು ಹಸಿ ವಾಸನೆ ಇದೆ, ತಿಗಣೆ ಹೊಸಕಿದ ಹಾಗೆ. ಕಾಳು ಬಲಿತಂತೆ ಅದು ಹೋಗಿ ಲಿನಲೂಲ್‌ನ ಪರಿಮಳ ಏರುತ್ತೆ. ಅಂದರೆ ದಲಾಲ ಹೆಚ್ಚು ಕೊಡುವ ಹೊತ್ತು ಒಂದು, ಕಾಳು ಒಳ್ಳೆಯದಾಗುವ ಹೊತ್ತು ಇನ್ನೊಂದು. ರೈತ ಯಾವುದನ್ನು ಆರಿಸಿಕೊಳ್ಳಬೇಕು? ಎಲ್ಲವನ್ನೂ ಬಿಟ್ಟು ಪರಿಮಳದ ಹಿಂದೆ ಹೋಗಿ ಅಂತ ನಾನು ಹೇಳಲಾರೆ, ಸಾಲ ಕಟ್ಟಬೇಕು. ನಾನು ಈ ವರ್ಷ ಮಾಡಿದ್ದು ಇಷ್ಟು: ಮೂರು ಎಕರೆಯಲ್ಲಿ ಅರ್ಧ ಎಕರೆಯನ್ನು ಪೂರ್ತಿ ಬಲಿಯಲು ಬಿಟ್ಟೆ, ಉಳಿದದ್ದನ್ನು ಎಂದಿನಂತೆ ಕೊಯ್ದೆ.

ಎಕರೆಗಟ್ಟಲೆ ಬಿತ್ತಬೇಡಿ

ಈ ಲೇಖನ ಓದಿ ಯಾರಾದರೂ "ಜಿನ್‌ಗೆ ಹವೀಜ ಬೇಕಂತೆ, ಬಿತ್ತೋಣ" ಅಂತ ಹೊರಟರೆ ನಾನು ತಪ್ಪು ಮಾಡಿದ ಹಾಗೆ. ಲೆಕ್ಕ ಹಾಕಿ ನೋಡಿ.

ಒಂದು ಲೀಟರ್ ಜಿನ್‌ಗೆ 20 ಗ್ರಾಂ ಜುನಿಪರ್ ಅಂತ ಹಿಡಿಯೋಣ. ಅದರ ಅರ್ಧ ಹವೀಜ ಅಂದರೆ 10 ಗ್ರಾಂ. ಸಾವಿರ ಲೀಟರಿಗೆ 10 ಕಿಲೋ. ಮಳೆ ನಂಬಿದ ಎರೆ ಹೊಲದಲ್ಲಿ ಎಕರೆಗೆ 2 ಕ್ವಿಂಟಲ್ ಇಳುವರಿ ಬಂದರೂ, ಒಂದೇ ಎಕರೆಯ ಹವೀಜ 20,000 ಲೀಟರ್ ಜಿನ್‌ಗೆ ಸಾಕು. ಅಂದರೆ 750 ಮಿಲಿಲೀಟರಿನ 26,000ಕ್ಕೂ ಹೆಚ್ಚು ಬಾಟಲಿ. ಇದೇ ಲೆಕ್ಕದಲ್ಲಿ ಏಲಕ್ಕಿ ಸಾವಿರ ಲೀಟರಿಗೆ 200 ಗ್ರಾಂ ಮಾತ್ರ. ಒಂದು ಸಣ್ಣ ಡಿಸ್ಟಿಲರಿಯ ವರ್ಷದ ಹವೀಜವನ್ನು ಒಬ್ಬ ರೈತ ಒಂದು ಮೂಲೆಯಲ್ಲಿ ಬೆಳೆದು ಕೊಡಬಹುದು. ಊರಿಗೆ ಊರೇ ಇದಕ್ಕೆ ಇಳಿದರೆ ಮಾಲು ಮನೆಯಲ್ಲೇ ಕೂರುತ್ತೆ.

ಇನ್ನೊಂದು ಎಚ್ಚರಿಕೆ ಜುನಿಪರ್ ಬಗ್ಗೆ. ಗೋವಾದಲ್ಲಿ 2017ರಿಂದೀಚೆಗೆ ಹೊಸ ಜಿನ್‌ಗಳು ಬಂದವು. ಅದರಲ್ಲಿ ಹಪುಸಾ ಅನ್ನೋದು ಹಿಮಾಲಯದ ಜುನಿಪರ್ ಬಳಸುತ್ತೆ. ಹಾಗಾಗಿ ಯಾರಾದರೂ ಜುನಿಪರ್ ಸಸಿ ಹಿಡಿದುಕೊಂಡು ನಮ್ಮ ಬಾಗಿಲಿಗೂ ಬಂದಾರು. ನೆನಪಿಡಿ, ಅದು ತಣ್ಣನೆಯ ಎತ್ತರದ ಗಿಡ. ಕಾಯಿ ಬಲಿಯಲು ಎರಡು ಮೂರು ವರ್ಷ ಬೇಕು, ಒಂದೇ ಗಿಡದಲ್ಲಿ ಹಸಿರು ಕಾಯಿಯೂ ಇರುತ್ತೆ, ಹಣ್ಣಾದ ಕಾಯಿಯೂ ಇರುತ್ತೆ. ಯುರೋಪಿನಲ್ಲೂ ಹೆಚ್ಚಿನದನ್ನು ಕಾಡಿನಿಂದ, ಗುಡ್ಡದಿಂದಲೇ ಕೈಯಲ್ಲಿ ಆರಿಸಿ ತರುತ್ತಾರೆ. ನಮ್ಮ ಎರೆ ಬಿಸಿಲಿಗೆ ಅದು ಹೇಳಿದ ಬೆಳೆಯಲ್ಲ. ಎರಡು ಸಾವಿರದ ದಶಕದ ಮೊದಲ ವರ್ಷಗಳಲ್ಲಿ ಮಲೆನಾಡಿನಲ್ಲಿ ವೆನಿಲಾ ಏನಾಯಿತು ಅನ್ನೋದನ್ನು ಅಲ್ಲಿನವರನ್ನು ಕೇಳಿ. ಹಸಿ ಕೋಡಿಗೆ ಕಿಲೋಗೆ ಸಾವಿರಗಟ್ಟಲೆ ಕೊಟ್ಟರು, ರಾತ್ರಿ ತೋಟ ಕಾದರು, ಕೆಲವೇ ವರ್ಷದಲ್ಲಿ ಕೇಳುವವರಿಲ್ಲದೆ ಬಳ್ಳಿ ಕಿತ್ತರು.

ಹೊಸ ಬೆಳೆ ಬೇಡ. ಇರುವ ಬೆಳೆಯ ಪರಿಮಳ ಉಳಿಸಿಕೊಳ್ಳೋಣ. ನನ್ನ ವಾದ ಇಷ್ಟೇ.

ಪರಿಮಳ ಉಳಿಸೋದು ಹೇಗೆ?

ಇದರಲ್ಲಿ ದೊಡ್ಡ ಖರ್ಚಿಲ್ಲ. ನಾನು ಕಲಿತದ್ದನ್ನು ಹೇಳುತ್ತೇನೆ.

ಕೊಯ್ಲು: ಪರಿಮಳಕ್ಕೆ ಬಿಟ್ಟ ಭಾಗದಲ್ಲಿ ಕಾಳು ಹಸಿರು ಹೋಗಿ ಹುಲ್ಲಿನ ಹಳದಿಗೆ ತಿರುಗಲಿ. ಉದುರುವ ಭಯ ಇದ್ದೇ ಇದೆ, ಆದ್ದರಿಂದ ಬೆಳಗಿನ ಇಬ್ಬನಿ ಇರುವಾಗಲೇ ಕೊಯ್ಯಿರಿ.

ಔಷಧಿ: ಹವೀಜಕ್ಕೆ ಬೂದಿ ರೋಗ ಬಂದರೆ ಗಂಧಕ ಹೊಡೆಯೋದು ನಮಗೆಲ್ಲ ಗೊತ್ತು. ರೋಗದ ಮೊದಲ ಗುರುತಿಗೇ ಹೊಡೆದು ಮುಗಿಸಿ. ಕಾಳು ಬಲಿತ ಮೇಲೆ ಹೊಡೆದರೆ ಅದರ ವಾಸನೆ ಕಾಳಿನಲ್ಲಿ ಉಳಿಯುತ್ತೆ. ಯಾವ ಔಷಧಿಯಾದರೂ ಡಬ್ಬಿಯ ಮೇಲೆ ಬರೆದ ಕಾಯುವ ದಿನಗಳನ್ನು ಪಾಲಿಸಿ.

ಒಣಗಿಸೋದು: ಬಿಸಿಲಿನಲ್ಲಿ ಒಂದೆರಡು ದಿನ ಕಟ್ಟು ಬಾಡಿಸಿ, ಆಮೇಲೆ ನೆರಳಿಗೆ ಹಾಕಿ. ಎಣ್ಣೆ ಹಾರಿ ಹೋಗುವ ವಸ್ತು, ಕಾದ ನೆಲದ ಮೇಲೆ ವಾರಗಟ್ಟಲೆ ಬಿದ್ದರೆ ಉಳಿಯೋದಿಲ್ಲ. ರಸ್ತೆಯ ಮೇಲೆ ಹಾಕಿ ಗಾಡಿ ಓಡಿಸಬೇಡಿ, ಡಾಂಬರು ಮತ್ತು ಡೀಸೆಲ್ ವಾಸನೆ ಹಿಡಿಯುತ್ತೆ.

ಬಡಿಯೋದು: ಮೆಲ್ಲಗೆ. ಕಾಳು ಎರಡು ಹೋಳಾದರೆ ಒಳಗಿನ ಎಣ್ಣೆಗೆ ಕದ ತೆಗೆದ ಹಾಗೆ. ಒಡೆದ ಕಾಳನ್ನು ಬೇರೆ ಮಾಡಿ ಮೊದಲು ಮಾರಿಬಿಡಿ.

ಚೀಲ: ಹೊಸ ಚೀಲ, ಒಳಗೆ ಪ್ಲಾಸ್ಟಿಕ್ ಹಾಳೆ. ಮೆಣಸಿನಕಾಯಿ, ಗೊಬ್ಬರ, ಹಿಂಡಿ ತುಂಬಿದ ಚೀಲ ಬೇಡವೇ ಬೇಡ. ಒಂದು ಹೊಸ ಚೀಲದ ದುಡ್ಡು ಉಳಿಸಲು ಹೋಗಿ ನಾನು ಹೋದ ದಾರಿಯ ಖರ್ಚನ್ನೂ ಕಳೆದುಕೊಂಡೆ.

ಇಡುವ ಜಾಗ: ನೆಲದಿಂದ ಮೇಲೆ, ಹಲಗೆಯ ಮೇಲೆ. ಔಷಧಿ ಡಬ್ಬಿ, ಸೀಮೆಎಣ್ಣೆ, ನುಸಿ ಗುಳಿಗೆ ಇರುವ ಕೋಣೆಯಲ್ಲಿ ಬೇಡ.

ಗುರುತು: ಪ್ರತಿ ಚೀಲಕ್ಕೂ ಒಂದು ಚೀಟಿ. ಯಾವ ಹೊಲ, ಯಾವ ತಳಿ, ಕೊಯ್ದ ದಿನ. ಜಿನ್ ಮಾಡುವವನಿಗೆ ಪ್ರತಿ ಸಲ ಒಂದೇ ರುಚಿ ಬರಬೇಕು. ಇವತ್ತು ಒಂದು ಊರಿನ ಕಾಳು, ನಾಳೆ ಐದು ಊರಿನ ಬೆರಕೆ ಕೊಟ್ಟರೆ ಅವನ ಅಳತೆ ಎಲ್ಲ ತಪ್ಪುತ್ತೆ.

ಮಲೆನಾಡಿನವರಿಗೂ ಎರಡು ಮಾತು. ಏಲಕ್ಕಿಯ ಪರಿಮಳ ಇರೋದು ಒಳಗಿನ ಬೀಜದಲ್ಲಿ, ಅದನ್ನು ಕಾಯೋದು ಸಿಪ್ಪೆ. ಬೀಜ ಬಿಡಿಸಿ ಇಟ್ಟರೆ ಎಣ್ಣೆ ಹಾರುತ್ತೆ, ಕಾಯಿಯಾಗಿಯೇ ಇಡಿ. ಗೂಡಿನಲ್ಲಿ ಒಣಗಿಸುವಾಗ ಹೊಗೆ ಒಳಗೆ ಬಾರದಂತೆ ನೋಡಿಕೊಳ್ಳಿ. ಏಲಕ್ಕಿಯಲ್ಲಿ ನೀಲಗಿರಿ ಎಣ್ಣೆಯಂಥ ಚುರುಕೂ ಇದೆ, ಹಣ್ಣಿನಂಥ ಸಿಹಿ ಪರಿಮಳವೂ ಇದೆ. ತಳಿಯಿಂದ ತಳಿಗೆ ಇದು ಬದಲಾಗುತ್ತೆ, ಆದ್ದರಿಂದ ತಳಿಗಳನ್ನು ಬೆರೆಸದೆ ಬೇರೆಬೇರೆ ಇಡಿ. ಕೊಡಗಿನ ಕಿತ್ತಳೆ ಬೆಳೆಯುವವರು ಸಿಪ್ಪೆಯನ್ನು ಗೊಬ್ಬರದ ಗುಂಡಿಗೆ ಹಾಕುವ ಮುಂಚೆ ಒಮ್ಮೆ ಯೋಚಿಸಿ. ಪರಿಮಳ ಇರೋದು ಹೊರಗಿನ ಬಣ್ಣದ ಪದರದಲ್ಲಿ. ಒಳಗಿನ ಬಿಳಿ ಪದರ ಕಹಿ. ಆದರೆ ಹಣ್ಣಿಗೆ ಹೊಡೆದ ಔಷಧಿ ಕೂರೋದೂ ಆ ಸಿಪ್ಪೆಯ ಮೇಲೆಯೇ ಅನ್ನೋದನ್ನು ಮರೆಯಬೇಡಿ.

ಇನ್ನು ಯಾರೂ ಮನೆಯಲ್ಲಿ ಭಟ್ಟಿ ಹೂಡಲು ಹೋಗಬೇಡಿ. ಪರವಾನಗಿ ಇಲ್ಲದೆ ಮದ್ಯ ಇಳಿಸೋದು ಅಬಕಾರಿ ಕಾನೂನಿನಲ್ಲಿ ಅಪರಾಧ, ಜೀವಕ್ಕೂ ಅಪಾಯ. ನಿಮ್ಮ ಕಾಳಿನ ಪರೀಕ್ಷೆಗೆ ಭಟ್ಟಿ ಬೇಕಿಲ್ಲ. ಎರಡು ಲೋಟ ತೆಗೆದುಕೊಳ್ಳಿ. ಒಂದರಲ್ಲಿ ನಿಮ್ಮ ಹವೀಜ, ಇನ್ನೊಂದರಲ್ಲಿ ಬೇರೆಯವರದ್ದು, ಒಂದೊಂದು ಚಮಚ, ಸ್ವಲ್ಪ ಜಜ್ಜಿ ಹಾಕಿ. ಕುದಿಯುವ ನೀರು ಹುಯ್ದು ತಟ್ಟೆ ಮುಚ್ಚಿ. ಐದು ನಿಮಿಷ ಬಿಟ್ಟು ತಟ್ಟೆ ಎತ್ತಿ ಹಬೆ ಮೂಸಿ. ಯಾವ ಲೋಟ ಯಾರದ್ದು ಅಂತ ನಿಮಗೆ ಗೊತ್ತಿರಬಾರದು, ಮನೆಯವರಿಗೆ ಇಡಲು ಹೇಳಿ. ಗಂಧಕ, ಚೀಲ, ಮುಗ್ಗು, ಹೊಗೆ ಏನಿದ್ದರೂ ಹಬೆಯಲ್ಲಿ ಬಯಲಾಗುತ್ತೆ.

ಕೊನೆಗೆ

"ಅರ್ಧ ಎಕರೆಗೆ ಇಷ್ಟೆಲ್ಲ ಯಾಕೆ, ಜಿನ್ ಮಾಡುವವರು ಕೊಳ್ಳದಿದ್ದರೆ?" ಅಂತ ನಮ್ಮೂರಿನಲ್ಲಿ ಕೇಳಿದರು. ನ್ಯಾಯವಾದ ಪ್ರಶ್ನೆ. ಅವರು ಕೊಳ್ಳದಿದ್ದರೂ ಕಾಳು ಕೆಡೋದಿಲ್ಲ. ಹಂಡೆಗೆ ಒಳ್ಳೆಯದಾದ ಹವೀಜ ಸಾರಿಗೂ ಒಳ್ಳೆಯದು, ಮಸಾಲೆ ಪುಡಿಗೂ ಒಳ್ಳೆಯದು, ಎಣ್ಣೆ ತೆಗೆಯುವವರಿಗೂ ಒಳ್ಳೆಯದು. ಮನೆ ಬಾಗಿಲಿಗೆ ಬಂದು ಐದು ಕಿಲೋ ಒಯ್ಯುವ ಗಿರಾಕಿ ಬಣ್ಣ ನೋಡಿ ಒಯ್ಯುತ್ತಾನೆ, ಪರಿಮಳ ನೋಡಿ ಮುಂದಿನ ವರ್ಷ ತಿರುಗಿ ಬರುತ್ತಾನೆ.

ಎಪಿಎಂಸಿಯವರಿಗೂ, ಕೃಷಿ ಇಲಾಖೆಯವರಿಗೂ ನನ್ನ ಕೇಳಿಕೆ ಒಂದೇ. ಹವೀಜದ ದರ್ಜೆ ನೋಡುವಾಗ ಎಣ್ಣೆಯ ಅಂಶವನ್ನೂ ನೋಡುವ ಏರ್ಪಾಡು ಬರಲಿ. ಮಸಾಲೆ ಪದಾರ್ಥದ ಎಣ್ಣೆ ಅಳೆಯೋದು ಹೊಸ ವಿದ್ಯೆಯಲ್ಲ, ಪ್ರಯೋಗಾಲಯಗಳಲ್ಲಿ ನಡೆಯುವ ಸಾಮಾನ್ಯ ಪರೀಕ್ಷೆ. ಹಾಲಿಗೆ ಕೊಬ್ಬಿನ ಅಂಶ ನೋಡಿ ದುಡ್ಡು ಕೊಡುತ್ತಾರೆ, ಕಬ್ಬಿಗೆ ಸಕ್ಕರೆ ಇಳುವರಿಯ ಲೆಕ್ಕ ಇದೆ. ಹವೀಜಕ್ಕೆ ಮಾತ್ರ ಕಣ್ಣಿನ ಅಳತೆ ಯಾಕೆ? ಪರಿಮಳಕ್ಕೆ ದರ ಸಿಗುವ ತನಕ ರೈತ ಹಸಿರನ್ನೇ ಕೊಯ್ಯುತ್ತಾನೆ, ಅವನನ್ನು ಬೈಯಲು ಯಾರಿಗೂ ಹಕ್ಕಿಲ್ಲ.

ಈ ವರ್ಷದ ಅರ್ಧ ಎಕರೆಯಿಂದ ನನಗೆ ಒಂದು ಕ್ವಿಂಟಲ್‌ಗೆ ಸ್ವಲ್ಪ ಕಡಿಮೆ ಬಂದಿದೆ. ಉದುರಿ ಹೋದದ್ದೂ ಇದೆ. ಬಣ್ಣ ಹುಲ್ಲಿನ ಹಾಗೆ, ದಲಾಲನಿಗೆ ತೋರಿಸಿದರೆ ಮುಖ ತಿರುಗಿಸುತ್ತಾನೆ. ಹೊಸ ಚೀಲದಲ್ಲಿ ತುಂಬಿ, ಚೀಟಿ ಕಟ್ಟಿ, ಹಲಗೆಯ ಮೇಲೆ ಇಟ್ಟಿದ್ದೇನೆ. ಅವ್ವ ಒಂದು ಹಿಡಿ ತೆಗೆದುಕೊಂಡು ತಿಕ್ಕಿ ಮೂಸಿದಳು. "ಇದನ್ನ ಪೂರಾ ಕೊಡಬ್ಯಾಡ, ಮನಿಗೂ ಸ್ವಲ್ಪ ಇಡು" ಅಂದಳು. ಮುಂದಿನ ವಾರ ಎರಡು ಕಿಲೋ ಮಾದರಿ ತೆಗೆದುಕೊಂಡು ಗೋವಾಕ್ಕೆ ಹೋಗುತ್ತಿದ್ದೇನೆ.